ಅಟ್ಲಾಂಟಾದ ಹೈಸ್‌ಮನ್ ನಡಿಗೆ ಟೂರ್: ಖಂಡಿತ ಹೋಗಿ, ಆದರೆ ಕೊನೆಯ ಭಾಗ ಓದಿಕೊಂಡು ಹೋಗಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಕಡೆಯಿಂದ ಐದಕ್ಕೆ ನಾಲ್ಕು ಸ್ಟಾರ್. ಊರಿಂದ ಅಪ್ಪ ಅಮ್ಮ ಬಂದರೆ ಅಟ್ಲಾಂಟಾದಲ್ಲಿರುವ ನಾವೆಲ್ಲ ಕರೆದುಕೊಂಡು ಹೋಗುವ ಜಾಗಗಳು ಅವೇ ಅಲ್ವಾ? ಅಕ್ವೇರಿಯಂ, ಕೋಕಾ ಕೋಲಾ ಮ್ಯೂಸಿಯಂ, ಸ್ಟೋನ್ ಮೌಂಟನ್, ಲಿಲ್ಬರ್ನ್‌ನ ದೇವಸ್ಥಾನ. ಆ ಪಟ್ಟಿಗೆ ಇದೊಂದನ್ನು ಸೇರಿಸಿಕೊಳ್ಳಿ ಅಂತ ಹೇಳುವುದಕ್ಕೇ ಬರೆಯುತ್ತಿದ್ದೇನೆ. ಜಾರ್ಜಿಯಾ ಟೆಕ್ ಕ್ಯಾಂಪಸ್‌ನಲ್ಲಿ ನಡೆಯುವ ಟೂರ್ ಇದು. ವಿಷಯ ಒಂದೇ: ಜಾನ್ ಹೈಸ್‌ಮನ್ ಅನ್ನುವ ಕೋಚ್, ಮತ್ತು ಅಮೆರಿಕನ್ ಫುಟ್‌ಬಾಲ್ ಈಗಿನ ರೂಪಕ್ಕೆ ಬಂದ ಆ ಕಾಲ.

ಟೂರ್ ನಡೆಸುವವರು ಒಬ್ಬರೇ. ರಿಟೈರ್ ಆದ ಹೈಸ್ಕೂಲ್ ಮೇಷ್ಟ್ರು. ಕಂಪನಿ, ಬೋರ್ಡು, ಆಫೀಸು ಏನೂ ಇಲ್ಲ. ಕೆಳಗೆ ಕೆಲವು ಕೊರತೆಗಳನ್ನೂ ಬರೆದಿದ್ದೇನೆ, ಹಾಗಾಗಿ ಅವರ ಹೆಸರು ಹಾಕುತ್ತಿಲ್ಲ. ಬೇಕಾದವರು ಕೇಳಿ, ವಿವರ ಕಳಿಸುತ್ತೇನೆ. ತಲೆಗೆ 30 ಡಾಲರ್, ಸುಮಾರು ಎರಡೂವರೆ ಗಂಟೆ. ಹತ್ತು ಹನ್ನೆರಡು ಜನಕ್ಕಿಂತ ಜಾಸ್ತಿ ಸೇರಿಸಿಕೊಳ್ಳುವುದಿಲ್ಲ. ನಮ್ಮ ಜೊತೆ ಅಪ್ಪ ಇದ್ದರು, ಅಕ್ಕನ ಮಗ ಇದ್ದ. ಹುಡುಗ ಇಲ್ಲೇ ಹುಟ್ಟಿ ಬೆಳೆದವನು, ಫುಟ್‌ಬಾಲ್ ಅಂದರೆ ಪ್ರಾಣ. ಅಪ್ಪನಿಗೆ ಈ ಆಟದ ತಲೆಬುಡ ಗೊತ್ತಿಲ್ಲ. ಇಬ್ಬರಿಗೂ ಇಷ್ಟವಾಯಿತು. ಟೂರ್ ಚೆನ್ನಾಗಿದೆ ಎನ್ನುವುದಕ್ಕೆ ನನಗೆ ಇದೇ ದೊಡ್ಡ ಸಾಕ್ಷಿ.

ಹೈಸ್‌ಮನ್ ಟ್ರೋಫಿ ಹೆಸರು ಅಮೆರಿಕದಲ್ಲಿರುವ ಎಲ್ಲರ ಕಿವಿಗೂ ಬಿದ್ದಿರುತ್ತದೆ. ಒಂದು ಕೈಯಲ್ಲಿ ಚೆಂಡು ಅವಚಿಕೊಂಡು ಇನ್ನೊಂದು ಕೈ ಮುಂದೆ ಚಾಚಿದ ಆ ಕಂಚಿನ ಆಟಗಾರ. ವರ್ಷವರ್ಷ ಡಿಸೆಂಬರ್‌ನಲ್ಲಿ ಕಾಲೇಜು ಫುಟ್‌ಬಾಲಿನ ಅತ್ಯುತ್ತಮ ಆಟಗಾರನಿಗೆ ಕೊಡುತ್ತಾರೆ. ಆದರೆ ಆ ಹೆಸರು ಯಾರದ್ದು, ಆತ ಏನು ಮಾಡಿದ ಅಂತ ಕೇಳಿದರೆ ಆಟ ನೋಡುವವರಲ್ಲೇ ಎಷ್ಟೋ ಜನ ತಡವರಿಸುತ್ತಾರೆ. ಗೊತ್ತಿರುವವರು ಸಾಮಾನ್ಯವಾಗಿ ಒಂದು ಸ್ಕೋರ್ ಹೇಳುತ್ತಾರೆ: 222–0. ಇದು ಎರಡೂ ಅಲ್ಲದ ಹೈಸ್‌ಮನ್‌ರನ್ನು ತೋರಿಸುವ ಟೂರ್. ಅದಕ್ಕೇ ನನಗೆ ಇಷ್ಟವಾಗಿದ್ದು.

ಶುರುವಾಗುವುದು ಟೆಕ್ ಟವರ್ ಮುಂದೆ. 1888ರಲ್ಲಿ ಕಾಲೇಜು ಶುರುವಾದಾಗಿನ ಕಟ್ಟಡ. ಹೈಸ್‌ಮನ್ 1904ರಲ್ಲಿ ಇಲ್ಲಿಗೆ ಕೆಲಸಕ್ಕೆ ಬಂದಾಗಲೂ ಇದೇ ಕೆಂಪು ಇಟ್ಟಿಗೆಯ ಗೋಪುರ ನಿಂತಿತ್ತು. ಅಲ್ಲೇ ಮರದ ನೆರಳಲ್ಲಿ ಮೇಷ್ಟ್ರು ಹೈಸ್‌ಮನ್‌ರ ಮೊದಲ 35 ವರ್ಷ ಹೇಳಿ ಮುಗಿಸುತ್ತಾರೆ. ಸುಮ್ನೆ ತಾರೀಖು ಒಪ್ಪಿಸುವುದಿಲ್ಲ, ಒಂದರ ಹಿಂದೆ ಒಂದು ಕತೆ ಹೆಣೆದು ಹೇಳುತ್ತಾರೆ.

ಹುಟ್ಟಿದ್ದು 1869ರಲ್ಲಿ, ಓಹಾಯೋದ ಕ್ಲೀವ್‌ಲ್ಯಾಂಡ್. ಬೆಳೆದಿದ್ದು ಪೆನ್ಸಿಲ್ವೇನಿಯಾದ ಟೈಟಸ್‌ವಿಲ್ ಅನ್ನುವ ಎಣ್ಣೆ ಬಾವಿಗಳ ಊರು. ಬ್ರೌನ್ ವಿಶ್ವವಿದ್ಯಾಲಯದಲ್ಲಿ ಓದಿ, ಆಮೇಲೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನು ಪದವಿ ಪಡೆದರು. ಎರಡೂ ಕಡೆ ಫುಟ್‌ಬಾಲ್ ಆಡಿದರು. ಲಾಯರ್ ಆಗಬೇಕಿದ್ದವರು. ಆದರೆ 1892ರಲ್ಲಿ ಓಬರ್ಲಿನ್ ಕಾಲೇಜಿನ ತಂಡಕ್ಕೆ ಕೋಚ್ ಆದರು. ಮೊದಲ ವರ್ಷವೇ ಆಡಿದ 7 ಪಂದ್ಯವನ್ನೂ ಗೆದ್ದರು. ಅಲ್ಲಿಗೆ ವಕೀಲಿಕೆ ಮುಗಿಯಿತು.

ಮುಂದಿನ ವರ್ಷ ಬಕ್ಟೆಲ್ ಕಾಲೇಜು, ಈಗಿನ ಆಕ್ರನ್ ವಿಶ್ವವಿದ್ಯಾಲಯ. ಇಲ್ಲಿನದ್ದು ಚಿಕ್ಕ ಕತೆ, ಆದರೆ ನನಗೆ ಬಹಳ ಹಿಡಿಸಿತು. ಆಗೆಲ್ಲ ಆಟ ಶುರು ಮಾಡುವಾಗ ಮಧ್ಯದಲ್ಲಿ ನಿಂತವನು ಚೆಂಡನ್ನು ನೆಲದ ಮೇಲೆ ಹಿಂದಕ್ಕೆ ಉರುಳಿಸುತ್ತಿದ್ದ. ಕ್ವಾರ್ಟರ್‌ಬ್ಯಾಕ್, ಅಂದರೆ ಹಿಂದೆ ನಿಂತು ಚೆಂಡು ಪಡೆದು ಆಟ ನಡೆಸುವವನು, ಬಗ್ಗಿ ಅದನ್ನು ಎತ್ತಿಕೊಳ್ಳಬೇಕು. ಹೈಸ್‌ಮನ್‌ರ ಕ್ವಾರ್ಟರ್‌ಬ್ಯಾಕ್ ಆರೂಕಾಲು ಅಡಿಗೂ ಮೀರಿದ ಎತ್ತರದ ಹುಡುಗ, ಬಗ್ಗಿ ಎತ್ತುವಷ್ಟರಲ್ಲಿ ಎದುರಾಳಿಗಳು ಮೈಮೇಲೆ ಬಂದುಬಿಡುತ್ತಿದ್ದರು. ಸರಿ, ಉರುಳಿಸುವುದೇ ಬೇಡ, ನೇರ ಕೈಗೇ ಎಸೆ ಅಂದರು ಹೈಸ್‌ಮನ್. ಇವತ್ತು ಟಿವಿಯಲ್ಲಿ ಆಟ ನೋಡುವಾಗ ಪ್ರತಿ ಸಲ ಚೆಂಡು ಕಾಲ ಸಂದಿಯಿಂದ ಹಿಂದಕ್ಕೆ ಕೈಗೆ ಹೋಗುತ್ತದಲ್ಲ, ಅದರ ಬೇರು ಅಲ್ಲಿದೆ. ಇದನ್ನು ಹೇಳುವಾಗ ಮೇಷ್ಟ್ರು ನಮ್ಮ ಹುಡುಗನನ್ನೇ ಮುಂದೆ ಕರೆದರು. ಒಮ್ಮೆ ಚೆಂಡು ಉರುಳಿಸಿ ಎತ್ತಿಸಿದರು, ಇನ್ನೊಮ್ಮೆ ಕೈಗೆ ಎಸೆದರು. ಎಷ್ಟು ಹೊತ್ತು ಉಳಿಯುತ್ತದೆ ಅಂತ ಕಣ್ಣಾರೆ ಕಂಡ ಮೇಲೆ ಯಾರಿಗೂ ವಿವರಣೆ ಬೇಕಾಗಲಿಲ್ಲ.

ಆಮೇಲೆ ಟೆಕ್ಸಾಸ್‌ಗೆ ಹೋಗಿ ಟೊಮೆಟೊ ಬೆಳೆದು ದುಡ್ಡು ಕಳೆದುಕೊಂಡರು. ಅಲ್ಲಿಂದ ಅವರನ್ನು ಹುಡುಕಿ ಕರೆತಂದದ್ದು ಅಲಬಾಮಾದ ಆಬರ್ನ್ ಕಾಲೇಜು. 1895ರಿಂದ 1899ರವರೆಗೆ ಅಲ್ಲಿದ್ದರು. ಆಬರ್ನ್‌ನ ಮೊದಲ ವರ್ಷದ ಒಂದು ತಂತ್ರ ಕೇಳಿ. ವಾಂಡರ್‌ಬಿಲ್ಟ್ ವಿರುದ್ಧದ ಪಂದ್ಯ. ಎಲ್ಲರೂ ಗುಂಪಾಗಿ ಸುತ್ತುವರಿದು ನಿಂತರು, ಒಳಗೆ ಟಿಚೆನರ್ ಅನ್ನುವ ಸಣ್ಣ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಜೆರ್ಸಿಯೊಳಗೆ ತೂರಿಸಿಕೊಂಡ. ಗುಂಪು ಒಂದು ಕಡೆ ಓಡಿತು, ಎದುರಾಳಿಗಳು ಅದರ ಹಿಂದೆ ಓಡಿದರು, ಇವನು ಇನ್ನೊಂದು ಕಡೆಯಿಂದ ಹೋಗಿ ಟಚ್‌ಡೌನ್ ಮಾಡಿದ, ಅಂದರೆ ಎದುರಾಳಿಯ ಕೊನೆಯ ಗೆರೆ ದಾಟಿ ಪಾಯಿಂಟ್ ಗಳಿಸಿದ. ಆದರೂ ಪಂದ್ಯ ಸೋತರು, 9–6. ಮೇಷ್ಟ್ರು ಸೋತಿದ್ದನ್ನೂ ಹೇಳಿದರು. ಬರೀ ಗೆಲುವಿನ ಕತೆ ಹೇಳುವ ಗೈಡ್‌ಗಳ ಮಧ್ಯೆ ಇದು ನನಗೆ ಮೆಚ್ಚುಗೆಯಾಯಿತು.

ಇನ್ನೊಂದು ಕತೆಗೆ ಮಾತ್ರ ನನ್ನ ತಕರಾರಿದೆ. 1896ರಲ್ಲಿ ಜಾರ್ಜಿಯಾ ಟೆಕ್ ತಂಡ ರೈಲಿನಲ್ಲಿ ಆಬರ್ನ್‌ಗೆ ಆಡಲು ಹೊರಟಿತ್ತು. ಹಿಂದಿನ ರಾತ್ರಿ ಆಬರ್ನ್ ವಿದ್ಯಾರ್ಥಿಗಳು ಹೋಗಿ ಹಳಿಗೆ ಗ್ರೀಸ್ ಬಳಿದು ಬಂದರು. ಬ್ರೇಕ್ ಹಿಡಿಯದೆ ರೈಲು ಸ್ಟೇಷನ್ ದಾಟಿ ಜಾರಿಕೊಂಡು ಹೋಗಿ ಲೋಚಪೋಕಾ ಹತ್ತಿರ ನಿಂತಿತು. ಟೆಕ್ ಹುಡುಗರು ಅಷ್ಟು ದೂರ, ಹತ್ತಿರ ಹತ್ತಿರ 8 ಕಿಲೋಮೀಟರ್, ನಡೆದು ಬಂದು ಆಡಿದರು. ಆಬರ್ನ್ 45–0 ಗೆದ್ದಿತು. ಅದರ ನೆನಪಿಗೆ ಆಬರ್ನ್‌ನಲ್ಲಿ ಪೈಜಾಮ ಹಾಕಿಕೊಂಡು ಮೆರವಣಿಗೆ ಮಾಡುವ ಪದ್ಧತಿಯೇ ಬೆಳೆಯಿತು. ಇಷ್ಟು ಸರಿ. ಆದರೆ ಮೇಷ್ಟ್ರು ಇದರ ಹಿಂದೆ ಹೈಸ್‌ಮನ್ ಕೈವಾಡ ಇತ್ತು ಅನ್ನುವಂತೆ ಹೇಳಿದರು. ಆಧಾರ ಏನು ಅಂತ ಕೇಳಿದೆ. ನಕ್ಕು ಮುಂದೆ ನಡೆದರು. ಹುಡುಗರು ಕೇಳಿಸಿಕೊಳ್ಳುತ್ತಾರೆ, ನಾಳೆ ಸ್ಕೂಲಲ್ಲಿ ಹೋಗಿ ಅದನ್ನೇ ಹೇಳುತ್ತಾರೆ. ಅನುಮಾನ ಇರುವುದನ್ನು ಅನುಮಾನ ಅಂತಲೇ ಹೇಳಬೇಕು.

ಆಬರ್ನ್‌ನಲ್ಲಿ ಹೈಸ್‌ಮನ್ ನಾಟಕವನ್ನೂ ಆಡಿಸಿದರು. ಕಾಲೇಜಿನ ಕ್ರೀಡಾ ಸಂಘಕ್ಕೆ ಸಾಲವಾಗಿತ್ತು, ತೀರಿಸಲು ನಾಟಕ ತಂಡ ಕಟ್ಟಿದರು. ಬೇಸಿಗೆ ರಜೆಯಲ್ಲಿ ತಾವೇ ವೃತ್ತಿ ನಟರಾಗಿ ಊರೂರು ತಿರುಗುತ್ತಿದ್ದರು, ಶೇಕ್ಸ್‌ಪಿಯರ್ ಎಂದರೆ ಬಹಳ ಪ್ರೀತಿ. ಮೈದಾನದಲ್ಲೂ ಅದೇ ಭಾಷೆ. ನಮ್ಮ ಕಂಪನಿ ನಾಟಕದ ಹಿರಿಯ ನಟರು ಮೈಕ್ ಇಲ್ಲದೆ ಕೊನೆಯ ಸಾಲಿಗೆ ಮಾತು ಮುಟ್ಟಿಸುತ್ತಿದ್ದರಲ್ಲ, ಆ ಗತ್ತಿನಲ್ಲಿ ಹೈಸ್‌ಮನ್ ಪ್ರತಿ ವರ್ಷ ಹೊಸ ಹುಡುಗರ ಮುಂದೆ ಚೆಂಡು ಎತ್ತಿ ಹಿಡಿದು ಭಾಷಣ ಮಾಡುತ್ತಿದ್ದರಂತೆ. ಈ ಚೆಂಡನ್ನು ಕೈಬಿಡುವುದಕ್ಕಿಂತ ಚಿಕ್ಕ ಹುಡುಗನಾಗಿದ್ದಾಗಲೇ ಸತ್ತಿದ್ದರೆ ಒಳ್ಳೆಯದಿತ್ತು ಎನ್ನುವ ಅವರ ಮಾತು ಇವತ್ತಿಗೂ ಕೋಚ್‌ಗಳ ಬಾಯಲ್ಲಿದೆ. ಮೇಷ್ಟ್ರು ಅದನ್ನು ದನಿ ಏರಿಸಿ ಹೇಳಿದಾಗ ದಾರಿಯಲ್ಲಿ ಹೋಗುತ್ತಿದ್ದ ವಿದ್ಯಾರ್ಥಿಗಳು ನಿಂತು ನೋಡಿದರು. ಅಪ್ಪ ಚಪ್ಪಾಳೆ ತಟ್ಟಿದರು. ಹುಬ್ಬಳ್ಳಿಯಲ್ಲಿ ರಾತ್ರಿಯಿಡೀ ಕೂತು ನಾಟಕ ನೋಡಿ ಬೆಳೆದವರು ಅಪ್ಪ. ಆಟ ಅರ್ಥವಾಗದಿದ್ದರೂ ಆಳು ಎಂಥವನು ಅಂತ ಅವರಿಗೆ ಅಲ್ಲಿ ಅರ್ಥವಾಯಿತು.

ಶಿಸ್ತೂ ಹಾಗೆಯೇ ಇತ್ತು. ವಾರದ ದಿನಗಳಲ್ಲಿ ಬಿಸಿನೀರು ಸೋಪಿನ ಸ್ನಾನ ಬೇಡ, ಮೈ ಬಲ ಕುಗ್ಗುತ್ತದೆ. ಕೇಕು ಪೇಸ್ಟ್ರಿ ಬೇಡ, ಕಾಫಿ ಬೇಡ, ಹಂದಿ ಮಾಂಸ ಬೇಡ. ಕಾಫಿ ಬೇಡ ಅಂದಾಗ ಮಾತ್ರ ಅಪ್ಪ ತಲೆಯಾಡಿಸಿದರು.

ಈಗ ಟೂರಿನ ಮುಖ್ಯ ಭಾಗ. ಟವರ್‌ನಿಂದ ಇಳಿದು ಸ್ಟೇಡಿಯಂ ಕಡೆ ನಡೆಯುವಾಗ ಮೇಷ್ಟ್ರು ಚೀಲದಿಂದ ಹಳೇ ಕಾಲದ ಚೆಂಡಿನ ನಕಲು ತೆಗೆಯುತ್ತಾರೆ. ಚರ್ಮದ್ದು, ಕಂದು ಬಣ್ಣ, ಒಂದು ಕಡೆ ದಪ್ಪ ದಾರದ ಹೊಲಿಗೆ. ಹೊಟ್ಟೆ ಬಹಳ ದಪ್ಪ. ಕೈಗೆ ಕೊಡುತ್ತಾರೆ, ಅವಸರ ಮಾಡುವುದಿಲ್ಲ. ಎಲ್ಲರೂ ಹಿಡಿದು ನೋಡಬಹುದು, ಮೂಸಿ ನೋಡಬಹುದು, ಎಣ್ಣೆ ಹಚ್ಚಿದ ಚರ್ಮದ ವಾಸನೆ. ಅಕ್ಕನ ಮಗ ದಿನಾ ಎಸೆಯುವ ಹುಡುಗ, ಬೆರಳು ಚೆನ್ನಾಗಿ ಉದ್ದ ಇವೆ. ಒಂದು ಕೈಯಲ್ಲಿ ಹಿಡಿಯಲು ಹೋದ, ಜಾರಿತು. ಮತ್ತೆ ಹಿಡಿದ, ಮತ್ತೆ ಜಾರಿತು. ಕೊನೆಗೆ ಅಂಗೈ ಮೇಲೆ ಇಟ್ಟುಕೊಂಡು ತಳ್ಳಿದ ಹಾಗೆ ಎಸೆದ, ಹತ್ತು ಹೆಜ್ಜೆ ಆಚೆ ಹೋಗಿ ಬಿತ್ತು. ಈಗಿನ ಚೆಂಡಿನ ಹೊಟ್ಟೆಯ ಸುತ್ತಳತೆ 21 ಇಂಚಿನ ಆಸುಪಾಸು. 1912ರಲ್ಲಿ ನಿಯಮ ಮಾಡಿ ಸಣ್ಣದು ಮಾಡಿದ ಮೇಲೂ ಅದು 22.5ರಿಂದ 23 ಇಂಚು ಇತ್ತು. ಅದಕ್ಕಿಂತ ಮುಂಚಿನದು ಇನ್ನೂ ದಪ್ಪ. ಮೇಷ್ಟ್ರು ತಂದಿದ್ದು ಆ ಮುಂಚಿನದು.

ಇಂಥ ಚೆಂಡನ್ನು ಮುಂದಕ್ಕೆ ಎಸೆಯಲು ಬಿಡಿ ಅಂತ ಒಬ್ಬ ಮನುಷ್ಯ ವರ್ಷಗಟ್ಟಲೆ ಹೋರಾಡಿದ. ಅದೇ ಈ ಟೂರಿನ ಹೃದಯ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಚೆಂಡು ಹಿಡಿದು ಎದುರಾಳಿಗಳನ್ನು ದಾಟಿ ಮುಂದೆ ಹೋಗಬೇಕು. ಆಗ ಮೂರು ಪ್ರಯತ್ನದಲ್ಲಿ 5 ಗಜ ಹೋದರೆ ಸಾಕಿತ್ತು, ಮತ್ತೆ ಮೂರು ಪ್ರಯತ್ನ ಸಿಗುತ್ತಿತ್ತು. ಚೆಂಡನ್ನು ಮುಂದಕ್ಕೆ ಎಸೆಯುವ ಹಾಗಿಲ್ಲ. ಬರೀ 5 ಗಜ ಬೇಕು ಅಂದಾಗ ಯಾರು ದೂರ ಓಡುತ್ತಾರೆ ಹೇಳಿ? ಎಲ್ಲರೂ ಒಬ್ಬರಿಗೊಬ್ಬರು ಅಂಟಿಕೊಂಡು ಗುಂಪಾಗಿ ಡಿಕ್ಕಿ ಹೊಡೆಯುವುದೇ ಆಟವಾಗಿತ್ತು. ತಲೆಗೆ ಸರಿಯಾದ ರಕ್ಷಣೆ ಇಲ್ಲ. ಹುಡುಗರು ಸಾಯುತ್ತಿದ್ದರು. ಉತ್ಪ್ರೇಕ್ಷೆ ಅಲ್ಲ, 1905ರ ಒಂದೇ ಸೀಸನ್‌ನಲ್ಲಿ ದೇಶದಾದ್ಯಂತ 18 ಹುಡುಗರು ಸತ್ತರೆಂದು ಪತ್ರಿಕೆಗಳು ಲೆಕ್ಕ ಹಾಕಿ ಬರೆದವು. ಕೆಲವು ಕಾಲೇಜುಗಳು ಆಟವನ್ನೇ ನಿಲ್ಲಿಸಿದವು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ನವರನ್ನು ಶ್ವೇತಭವನಕ್ಕೆ ಕರೆಸಿ ಮಾತಾಡಿದರು.

ಹೈಸ್‌ಮನ್‌ಗೆ ಉಪಾಯ ಹತ್ತು ವರ್ಷ ಮುಂಚೆಯೇ ಹೊಳೆದಿತ್ತು. 1895ರ ಅಕ್ಟೋಬರ್‌ನಲ್ಲಿ ಇದೇ ಅಟ್ಲಾಂಟಾದಲ್ಲಿ ಜಾರ್ಜಿಯಾ ಮತ್ತು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಗಳ ತಂಡಗಳು ಆಡುತ್ತಿದ್ದವು. ನಾರ್ತ್ ಕೆರೊಲಿನಾದವನೊಬ್ಬ ಚೆಂಡನ್ನು ಒದೆಯಬೇಕಿತ್ತು, ಎದುರಾಳಿಗಳು ನುಗ್ಗಿ ಬಂದರು, ಗಾಬರಿಯಲ್ಲಿ ಚೆಂಡನ್ನು ಮುಂದಕ್ಕೆ ಎಸೆದುಬಿಟ್ಟ. ಅವನ ತಂಡದವನೇ ಹಿಡಿದು ಓಡಿ ಟಚ್‌ಡೌನ್ ಮಾಡಿದ. ಜಾರ್ಜಿಯಾದ ಕೋಚ್ ಪಾಪ್ ವಾರ್ನರ್ ಕೂಗಾಡಿದರು. ರೆಫರಿ ನಾನು ಎಸೆದಿದ್ದನ್ನು ನೋಡಲಿಲ್ಲ ಅಂದ, ಟಚ್‌ಡೌನ್ ಉಳಿಯಿತು. ಹೈಸ್‌ಮನ್ ಅಲ್ಲಿ ನೋಡುತ್ತಿದ್ದರು, ಮುಂದೆ ತಾವೇ ಇದನ್ನು ಬರೆದುಕೊಂಡಿದ್ದಾರೆ. ಎಲ್ಲರೂ ಅದು ನಿಯಮ ಮುರಿದ ಆಟ ಅಂತ ಜಗಳ ಆಡುತ್ತಿದ್ದರು. ಹೈಸ್‌ಮನ್‌ಗೆ ಕಂಡಿದ್ದು ಬೇರೆ: ಚೆಂಡು ಮುಂದಕ್ಕೆ ಹಾರಬಹುದು ಅಂದರೆ ಎದುರಾಳಿಗಳು ಚದುರಿ ನಿಲ್ಲಲೇಬೇಕು, ಚದುರಿದರೆ ಗುಂಪಿನ ಡಿಕ್ಕಿ ತಾನಾಗಿಯೇ ತಪ್ಪುತ್ತದೆ.

ನಿಯಮ ಮಾಡುವ ಸಮಿತಿಯಲ್ಲಿ ಆಗ ದೊಡ್ಡ ಮಾತು ವಾಲ್ಟರ್ ಕ್ಯಾಂಪ್ ಅವರದ್ದು. ಯೇಲ್‌ನವರು, ಆಟದ ಪಿತಾಮಹ ಅನ್ನಿಸಿಕೊಂಡವರು. ಹೈಸ್‌ಮನ್ ಅವರಿಗೆ ಪತ್ರ ಬರೆದರು. ಕ್ಯಾಂಪ್ ಕಿವಿಗೊಡಲಿಲ್ಲ. ದಕ್ಷಿಣದ ಸಣ್ಣ ಕಾಲೇಜಿನ ಕೋಚ್ ಮಾತು ಪೂರ್ವದ ದೊಡ್ಡ ಕಾಲೇಜುಗಳವರಿಗೆ ಯಾಕೆ ಬೇಕಿತ್ತು? ಇವರು ಬಿಡಲಿಲ್ಲ, ಮತ್ತೆ ಮತ್ತೆ ಒತ್ತಾಯಿಸಿದರು. 1905ರ ಸಾವುಗಳಾದ ಮೇಲೆ ಸಮಿತಿ ಮಣಿಯಿತು. 1906ರಲ್ಲಿ ಮುಂದಕ್ಕೆ ಎಸೆಯುವುದು ನಿಯಮಬದ್ಧವಾಯಿತು. ಜೊತೆಗೆ 5 ಗಜದ ಬದಲು 10 ಗಜ ಹೋಗಬೇಕು ಅಂತಲೂ ಆಯಿತು. ಹೈಸ್‌ಮನ್ ಒಬ್ಬರಿಂದಲೇ ಆಯಿತು ಅನ್ನುವಂತಿಲ್ಲ, ಒತ್ತಡ ಹಲವು ಕಡೆಯಿಂದ ಬಂತು. ಆದರೆ ಯಾರೂ ಯೋಚಿಸದಿದ್ದಾಗ ಯೋಚಿಸಿ, ಯಾರೂ ಕೇಳಿಸಿಕೊಳ್ಳದಿದ್ದಾಗಲೂ ಹೇಳುತ್ತಲೇ ಇದ್ದವರಲ್ಲಿ ಅವರು ಮುಂಚೂಣಿಯಲ್ಲಿದ್ದರು. ನನಗೆ ಹೈಸ್‌ಮನ್ ದೊಡ್ಡವರಾಗಿ ಕಾಣುವುದು ಇಲ್ಲಿ, ಯಾವ ಸ್ಕೋರಿನಲ್ಲೂ ಅಲ್ಲ.

ಅನುಮತಿ ಸಿಕ್ಕಿದ ತಕ್ಷಣ ಎಲ್ಲ ಬದಲಾಗಲಿಲ್ಲ. ಎಸೆದ ಚೆಂಡನ್ನು ಯಾರೂ ಮುಟ್ಟದೆ ನೆಲಕ್ಕೆ ಬಿದ್ದರೆ ಅದು ಎದುರಾಳಿಗೆ ಹೋಗುತ್ತಿತ್ತು. ಆ ಜಾರುವ ದಪ್ಪ ಚೆಂಡು ಕೈಯಲ್ಲಿ ಹಿಡಿದು ನೋಡಿದ ಮೇಲೆ, ಅಂಥ ನಿಯಮದಲ್ಲಿ ಎಸೆಯಲು ಎಷ್ಟು ಧೈರ್ಯ ಬೇಕು ಅಂತ ಗೊತ್ತಾಗುತ್ತದೆ. ಇಂಥದ್ದನ್ನು ಮ್ಯೂಸಿಯಂನ ಗಾಜಿನ ಪೆಟ್ಟಿಗೆ ತೋರಿಸಲಾರದು. 30 ಡಾಲರ್ ಇದೊಂದಕ್ಕೇ ಸಾಕು.

ಮುಂದೆ ಸ್ಟೇಡಿಯಂ. ಈಗ ಬಾಬಿ ಡಾಡ್ ಹೆಸರಿದೆ, ಹಳೇ ಹೆಸರು ಗ್ರಾಂಟ್ ಫೀಲ್ಡ್. 1913ರಲ್ಲಿ ಮೊದಲ ಕಾಂಕ್ರೀಟ್ ಮೆಟ್ಟಿಲುಗಳನ್ನು ಕಟ್ಟುವಾಗ ಟೆಕ್ ವಿದ್ಯಾರ್ಥಿಗಳೇ ಕೈ ಹಾಕಿ ದುಡಿದರು. ಹೈಸ್‌ಮನ್ ಇಲ್ಲಿಗೆ ಬಂದಿದ್ದೇ ಒಂದು ಸ್ವಾರಸ್ಯ. ಅವರು 1900ರಿಂದ 1903ರವರೆಗೆ ಕ್ಲೆಮ್ಸನ್ ಕೋಚ್ ಆಗಿದ್ದರು. 1903ರಲ್ಲಿ ಅವರ ಕ್ಲೆಮ್ಸನ್ ತಂಡ ಟೆಕ್ ಅನ್ನು 73–0ರಿಂದ ಸೋಲಿಸಿತು. ಹೀಗೆ ಹೊಡೆದವನನ್ನೇ ಕರೆದುಕೊಂಡು ಬರೋಣ ಅಂತ ಟೆಕ್‌ನವರು ನಿರ್ಧರಿಸಿದರು. ವರ್ಷಕ್ಕೆ 2,250 ಡಾಲರ್, ಜೊತೆಗೆ ಗೇಟಿನಲ್ಲಿ ಬಂದ ದುಡ್ಡಿನಲ್ಲಿ ಶೇ. 30. ಹಾಗೆ ಬಂದವರು 16 ಸೀಸನ್ ಉಳಿದರು. 102 ಗೆಲುವು, 29 ಸೋಲು, 7 ಸಮ.

ಇಲ್ಲಿ ಮೇಷ್ಟ್ರು 222–0 ಕತೆ ಹೇಳುತ್ತಾರೆ, ನಿರೀಕ್ಷೆಯಂತೆ ಎಲ್ಲರೂ ಫೋನ್ ತೆಗೆದು ವಿಡಿಯೋ ಮಾಡುತ್ತಾರೆ. 1916ರ ಅಕ್ಟೋಬರ್ 7. ಎದುರಾಳಿ ಟೆನ್ನೆಸ್ಸಿಯ ಕಂಬರ್‌ಲ್ಯಾಂಡ್ ಎಂಬ ಚಿಕ್ಕ ಕಾಲೇಜು. ಅವರು ಆ ವರ್ಷ ಫುಟ್‌ಬಾಲ್ ತಂಡವನ್ನೇ ನಿಲ್ಲಿಸಿದ್ದರು. ಆದರೆ ಒಪ್ಪಂದ ಮುಂಚೆಯೇ ಆಗಿತ್ತು. ಬಂದು ಆಡಿದರೆ 500 ಡಾಲರ್, ಬಾರದಿದ್ದರೆ 3,000 ಡಾಲರ್ ದಂಡ. ಹೈಸ್‌ಮನ್ ಬಿಡಲಿಲ್ಲ. ಅದೇ ವರ್ಷ ಬೇಸ್‌ಬಾಲ್‌ನಲ್ಲಿ ಕಂಬರ್‌ಲ್ಯಾಂಡ್ ಟೆಕ್ ಅನ್ನು 22–0 ಸೋಲಿಸಿತ್ತು, ಆ ತಂಡದಲ್ಲಿ ದುಡ್ಡು ಕೊಟ್ಟು ತಂದ ಆಟಗಾರರಿದ್ದರು ಅನ್ನುವ ಸಿಟ್ಟು ಹೈಸ್‌ಮನ್‌ಗಿತ್ತು, ಬೇಸ್‌ಬಾಲ್ ಕೋಚೂ ಅವರೇ. ಕಂಬರ್‌ಲ್ಯಾಂಡ್‌ನವರು ಸ್ನೇಹಿತರನ್ನೆಲ್ಲ ಒಟ್ಟುಗೂಡಿಸಿ ರೈಲು ಹತ್ತಿಸಿ ಕರೆತಂದರು. ಮೊದಲ ಕ್ವಾರ್ಟರ್‌ಗೆ 63–0. ಅರ್ಧ ಆಟಕ್ಕೆ 126–0. ದ್ವಿತೀಯಾರ್ಧವನ್ನು ಕಡಿಮೆ ಸಮಯಕ್ಕೆ ಇಳಿಸಿ ಮುಗಿಸಿದರು. ಒಟ್ಟು 32 ಟಚ್‌ಡೌನ್. ಮೇಷ್ಟ್ರು ಇದನ್ನು ನಗುನಗುತ್ತಾ ಹೇಳಿದರು, ಗುಂಪಿನಲ್ಲೂ ನಗು.

ಅಪ್ಪ ನಗಲಿಲ್ಲ. "ಆಟ ನಿಲ್ಲಿಸಿದ ಹುಡುಗರನ್ನು ಕರೆಸಿ ಅಷ್ಟು ಹೊಡೀಬೇಕಿತ್ತಾ?" ಅಂತ ನನ್ನ ಕಿವಿಯಲ್ಲಿ ಕೇಳಿದರು. ನನ್ನ ಅಭಿಪ್ರಾಯವೂ ಅದೇ. ಸಿಟ್ಟು ಇದ್ದದ್ದು ಬೇಸ್‌ಬಾಲ್ ಆಡಿದವರ ಮೇಲೆ, ಏಟು ತಿಂದವರು ಬೇರೆ ಹುಡುಗರು. ಅರ್ಧಕ್ಕೇ ಮುಖ್ಯ ಆಟಗಾರರನ್ನು ಕೂರಿಸಿ ಪಂದ್ಯ ಮುಗಿಸಬಹುದಿತ್ತು. ಪತ್ರಿಕೆಗಳು ಬರೀ ಪಾಯಿಂಟ್ ಲೆಕ್ಕ ಹಾಕಿ ತಂಡಗಳಿಗೆ ಸ್ಥಾನ ಕೊಡುತ್ತವೆ, ಅದು ಎಷ್ಟು ಅರ್ಥಹೀನ ಅಂತ ತೋರಿಸಲು ಹೊಡೆದರು ಎನ್ನುವ ಸಮರ್ಥನೆಯೂ ಇದೆ. ನನಗೆ ಒಪ್ಪಿಗೆಯಾಗಲಿಲ್ಲ. ಆದರೆ ಮೇಷ್ಟ್ರು ಕೊನೆಯಲ್ಲಿ ಸೇರಿಸಿದ ಒಂದು ಮಾತು ಇಡೀ ಗುಂಪನ್ನು ಸುಮ್ಮನಾಗಿಸಿತು: ಆ 222 ಪಾಯಿಂಟ್‌ನಲ್ಲಿ ಟೆಕ್ ಒಂದೇ ಒಂದು ಸಲವೂ ಚೆಂಡನ್ನು ಮುಂದಕ್ಕೆ ಎಸೆಯಲಿಲ್ಲ. ಯಾವುದಕ್ಕಾಗಿ ಅಷ್ಟು ವರ್ಷ ಪತ್ರ ಬರೆದರೋ ಅದು ಆ ದಿನ ಅವರಿಗೆ ಬೇಕಾಗಲೇ ಇಲ್ಲ. ಜನ ಅವರನ್ನು ನೆನಪಿಡುವುದು ಮಾತ್ರ ಆ ದಿನಕ್ಕೆ.

ಇದಕ್ಕಿಂತ 1917ರ ತಂಡದ ಕತೆಗೆ ಹೆಚ್ಚು ಸಮಯ ಕೊಟ್ಟಿದ್ದು ಒಳ್ಳೆಯದಾಯಿತು. ಆಡಿದ 9 ಪಂದ್ಯವನ್ನೂ ಗೆದ್ದು ರಾಷ್ಟ್ರೀಯ ಚಾಂಪಿಯನ್ ಅನ್ನಿಸಿಕೊಂಡ ತಂಡ. ದಕ್ಷಿಣದ ತಂಡವೊಂದಕ್ಕೆ ಆ ಮಾನ ಸಿಕ್ಕಿದ್ದು ಅದೇ ಮೊದಲು. ಅದರಲ್ಲಿ ಎವರೆಟ್ ಸ್ಟ್ರಪರ್ ಎಂಬ ಹುಡುಗ, ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಕಾಯಿಲೆ ಬಂದು ಹಾಗಾಗಿತ್ತು. ಕ್ವಾರ್ಟರ್‌ಬ್ಯಾಕ್‌ಗಳು ಅವನಿಗಾಗಿ ಸಂಕೇತಗಳನ್ನು ಗಟ್ಟಿಯಾಗಿ ಕೂಗುತ್ತಿದ್ದರು. ಅವನೇ ಹೋಗಿ ಕೋಚ್‌ಗೆ ಹೇಳಿದನಂತೆ, ಕೂಗುವುದು ಬೇಡ, ನಾನು ತುಟಿ ಓದುತ್ತೇನೆ, ಕ್ವಾರ್ಟರ್‌ಬ್ಯಾಕ್ ನನ್ನ ಕಡೆ ತಿರುಗಿ ತುಟಿ ಆಡಿಸಿದರೆ ಸಾಕು. ಹಾಗೇ ಮಾಡಿದರು. ಹೈಸ್‌ಮನ್‌ರ ಗುಡುಗುವ ದನಿಯ ಬಗ್ಗೆ ಅಷ್ಟು ಕೇಳಿದ ಮೇಲೆ, ಕಿವಿ ಕೇಳದ ಹುಡುಗನ ಸಲಹೆಯನ್ನು ಅವರು ಕೇಳಿಸಿಕೊಂಡರು ಅನ್ನುವುದು ನನ್ನ ಮನಸ್ಸಿನಲ್ಲಿ ಉಳಿಯಿತು. ಅದೇ ತಂಡದಲ್ಲಿ ಜೋ ಗಯಾನ್ ಇದ್ದರು, ಅಮೆರಿಕದ ಓಜಿಬ್ವೆ ಮೂಲನಿವಾಸಿ ಜನಾಂಗದವರು, ಮೂಲನಿವಾಸಿ ಮಕ್ಕಳಿಗಾಗಿ ಇದ್ದ ಕಾರ್ಲೈಲ್ ಇಂಡಿಯನ್ ಶಾಲೆಯಿಂದ ಬಂದವರು.

ಕಪ್ಪು ಹುಡುಗರು ಇದ್ದರಾ ಅಂತ ಅಕ್ಕನ ಮಗ ಕೇಳಿದ. ಇಲ್ಲ ಅಂದರು ಮೇಷ್ಟ್ರು, ತಪ್ಪಿಸಿಕೊಳ್ಳಲಿಲ್ಲ. ಟೆಕ್‌ನಲ್ಲಿ ಕಪ್ಪು ವಿದ್ಯಾರ್ಥಿಗಳಿಗೆ ಪ್ರವೇಶ ಸಿಕ್ಕಿದ್ದು 1961ರಲ್ಲಿ. ಮುಂದಕ್ಕೆ ಎಸೆಯುವ ನಿಯಮ ಜಾರಿಗೆ ಬಂದ ಅದೇ 1906ರ ಸೆಪ್ಟೆಂಬರ್‌ನಲ್ಲಿ ಈ ಅಟ್ಲಾಂಟಾದ ಬೀದಿಗಳಲ್ಲಿ ಬಿಳಿಯರ ಗುಂಪುಗಳು ಕಪ್ಪು ಜನರನ್ನು ಬೇಟೆಯಾಡಿ ಕೊಂದವು. ಅದನ್ನೂ ಹೇಳಿದರು. ಮಕ್ಕಳ ಮುಂದೆ ಹೇಳಬೇಕಾದ ರೀತಿಯಲ್ಲಿ ಹೇಳಿದರು.

ಇಲ್ಲಿಂದಾಚೆಗೆ ಒಂದು ಸ್ಟಾರ್ ಕಡಿಮೆ ಮಾಡುವ ಭಾಗ. 1919ರ ಸೀಸನ್ ಆದ ಮೇಲೆ ಹೈಸ್‌ಮನ್ ಮತ್ತು ಅವರ ಹೆಂಡತಿ ಎವೆಲಿನ್ ಬೇರೆಯಾದರು. ಇಬ್ಬರೂ ಒಂದೇ ಊರಲ್ಲಿದ್ದು ಮುಜುಗರ ಬೇಡ, ಅವಳು ಯಾವ ಊರು ಆರಿಸಿಕೊಳ್ಳುತ್ತಾಳೋ ನಾನು ಅಲ್ಲಿರುವುದಿಲ್ಲ ಅಂದರು. ಎವೆಲಿನ್ ಅಟ್ಲಾಂಟಾ ಆರಿಸಿಕೊಂಡರು. ಇವರು ಹೊರಟರು. ಮೇಷ್ಟ್ರು ಕೂಡ ಇಲ್ಲಿಂದ ಹೊರಟೇಬಿಟ್ಟರು. ಮುಂದಿನ 16 ವರ್ಷ, ಪೆನ್ಸಿಲ್ವೇನಿಯಾ, ವಾಷಿಂಗ್ಟನ್ ಆಂಡ್ ಜೆಫರ್ಸನ್ ಕಾಲೇಜು, ಟೆಕ್ಸಾಸ್‌ನ ರೈಸ್, ಆಮೇಲೆ ನ್ಯೂಯಾರ್ಕ್, ಎಲ್ಲವನ್ನೂ ಸೇತುವೆ ಮೇಲೆ ನಡೆಯುತ್ತಾ ಮುಗಿಸಿದರು. ಕೆಳಗೆ ಹೈವೇ, ಲಾರಿಗಳ ಸದ್ದು, ಏನೂ ಕೇಳಿಸುವುದಿಲ್ಲ. ಸೊಂಟಕ್ಕೆ ಕಟ್ಟಿದ ಸಣ್ಣ ಸ್ಪೀಕರ್ ಇದೆ, ಅದೂ ಗೊರಗೊರ ಅನ್ನುತ್ತದೆ. ಹಿಂದೆ ನಡೆಯುತ್ತಿದ್ದ ಅಪ್ಪನಿಗೆ ಒಂದು ಪದವೂ ಸಿಗಲಿಲ್ಲ.

ಇದು ನಷ್ಟ. ಯಾಕೆ ಅಂತ ಒಂದೇ ಉದಾಹರಣೆ ಕೊಡುತ್ತೇನೆ. 1923ರಲ್ಲಿ ಹೈಸ್‌ಮನ್ ವಾಷಿಂಗ್ಟನ್ ಆಂಡ್ ಜೆಫರ್ಸನ್ ಕೋಚ್ ಆಗಿದ್ದಾಗ ವಾಷಿಂಗ್ಟನ್ ಆಂಡ್ ಲೀ ತಂಡ ಆಡಲು ಬಂತು. ನಿಮ್ಮ ತಂಡದ ಕಪ್ಪು ಆಟಗಾರ ಚಾರ್ಲ್ಸ್ ವೆಸ್ಟ್ ಮೈದಾನಕ್ಕೆ ಇಳಿದರೆ ನಾವು ಆಡುವುದಿಲ್ಲ ಅಂತು. ಕಾಲೇಜು ವೆಸ್ಟ್ ಅವರನ್ನು ಬಿಟ್ಟುಕೊಡಲಿಲ್ಲ. ಪಂದ್ಯವೇ ನಡೆಯಲಿಲ್ಲ. ನಮ್ಮ ಹುಡುಗ ಸ್ಟೇಡಿಯಂ ಹತ್ತಿರ ಕೇಳಿದ ಪ್ರಶ್ನೆಗೆ ಇದು ಎಷ್ಟು ಒಳ್ಳೆಯ ಮುಂದುವರಿಕೆ ಆಗುತ್ತಿತ್ತು! ಮನೆಗೆ ಬಂದ ಮೇಲೆ ನಾನೇ ಹೇಳಿದೆ. ಮೇಷ್ಟ್ರಿಗೂ ಇಮೇಲ್ ಮಾಡಿದ್ದೇನೆ, ಟೆಕ್ ಟವರ್ ಮುಂದೆ ಹತ್ತು ನಿಮಿಷ ಕಡಿಮೆ ಮಾಡಿ ಇದನ್ನು ಸೇರಿಸಿ ಅಂತ. ನೋಡೋಣ ಅಂದಿದ್ದಾರೆ.

ಟ್ರೋಫಿಯ ಕತೆಯೂ ಆ ಸೇತುವೆ ಮೇಲೇ ಮುಗಿಯಿತು. ಹೈಸ್‌ಮನ್ 1927ರಲ್ಲಿ ಕೋಚಿಂಗ್ ಬಿಟ್ಟು ನ್ಯೂಯಾರ್ಕ್‌ಗೆ ಹೋದರು. ಅಲ್ಲಿ ಡೌನ್‌ಟೌನ್ ಅಥ್ಲೆಟಿಕ್ ಕ್ಲಬ್‌ನ ಮೊದಲ ಕ್ರೀಡಾ ನಿರ್ದೇಶಕರಾದರು. 1935ರಲ್ಲಿ ಆ ಕ್ಲಬ್ ಟ್ರೋಫಿ ಶುರು ಮಾಡಿತು, ಮೊದಲು ಗೆದ್ದವನು ಶಿಕಾಗೋ ವಿಶ್ವವಿದ್ಯಾಲಯದ ಜೇ ಬರ್ವಾಂಗರ್. ಆಗ ಅದಕ್ಕೆ ಕ್ಲಬ್ಬಿನದ್ದೇ ಹೆಸರಿತ್ತು. 1936ರ ಅಕ್ಟೋಬರ್ 3ರಂದು ಹೈಸ್‌ಮನ್ ನ್ಯುಮೋನಿಯಾದಿಂದ ತೀರಿಕೊಂಡರು. ಅದೇ ವರ್ಷದಿಂದ ಟ್ರೋಫಿಗೆ ಅವರ ಹೆಸರು. ಅಂದರೆ ತಮ್ಮ ಹೆಸರಿನ ಟ್ರೋಫಿಯನ್ನು ಅವರು ನೋಡಲೇ ಇಲ್ಲ. 16 ಸೀಸನ್ ದುಡಿದ ಟೆಕ್‌ನಿಂದ ಇವತ್ತಿಗೂ ಒಬ್ಬರೂ ಅದನ್ನು ಗೆದ್ದಿಲ್ಲ. ಅವರು ಕೋಚ್ ಆಗಿದ್ದ ಕಾಲೇಜುಗಳ ಪೈಕಿ ಆಬರ್ನ್‌ನವರು ಮಾತ್ರ ಗೆದ್ದಿದ್ದಾರೆ, 1971ರಲ್ಲಿ ಪ್ಯಾಟ್ ಸಲಿವನ್, ಆಮೇಲೆ ಬೋ ಜಾಕ್ಸನ್, ಕ್ಯಾಮ್ ನ್ಯೂಟನ್. ಇಂಥ ವಿಷಯವನ್ನು ನಿಂತು ಹೇಳಬೇಕು, ಲಾರಿ ಸದ್ದಿನಲ್ಲಿ ಅಲ್ಲ.

ಇನ್ನು ಹೋಗುವವರಿಗೆ ಬೇಕಾಗುವ ಮಾತು. ಕಾರು ಬೇಡ, ಪಾರ್ಕಿಂಗ್ ದುಬಾರಿ. ಮಾರ್ಟಾ ರೈಲಿನಲ್ಲಿ ನಾರ್ತ್ ಅವೆನ್ಯೂ ಸ್ಟೇಷನ್‌ನಲ್ಲಿ ಇಳಿದರೆ ನಡೆದೇ ಹೋಗಬಹುದು. ಟವರ್ ಕಡೆ ಏರು ಇದೆ, ಮಂಡಿ ನೋವಿನವರು ಮೊದಲೇ ಹೇಳಿದರೆ ಮೇಷ್ಟ್ರು ನಿಧಾನಕ್ಕೆ ನಡೆಯುತ್ತಾರೆ, ಅಪ್ಪನಿಗಾಗಿ ಬೇಕಾದಷ್ಟು ಸಲ ನಿಂತರು. ಜುಲೈ ಆಗಸ್ಟ್‌ನಲ್ಲಿ ಹೋಗಬೇಡಿ, ಸೆಕೆಗೆ ಬೆವರು ಕಿತ್ತುಕೊಂಡು ಬರುತ್ತದೆ. ಅಕ್ಟೋಬರ್ ನವೆಂಬರ್ ಒಳ್ಳೆಯದು, ಆದರೆ ಪಂದ್ಯ ಇರುವ ಶನಿವಾರ ಟೂರ್ ಇರುವುದಿಲ್ಲ. ಸಣ್ಣ ಮಕ್ಕಳಿಗೂ ಪೂರ್ತಿ 30 ಡಾಲರ್ ತೆಗೆದುಕೊಳ್ಳುತ್ತಾರೆ, ಅದು ಜಾಸ್ತಿ ಆಯಿತು. ಹತ್ತು ವರ್ಷಕ್ಕಿಂತ ಚಿಕ್ಕವರಿಗೆ ಅರ್ಧ ಮಾಡಬೇಕು. ಲ್ಯಾಮಿನೇಟ್ ಮಾಡಿದ ಹಳೇ ಫೋಟೋಗಳನ್ನು ತೋರಿಸುತ್ತಾರೆ, ಬಿಸಿಲಿಗೆ ಹೊಳೆದು ಕಾಣುವುದಿಲ್ಲ, ನೆರಳಿಗೆ ಹೋಗಿ ತೋರಿಸಿ ಅಂತ ಕೇಳಿ.

ಮುಗಿಯುವುದು ಸೇತುವೆ ದಾಟಿದ ಮೇಲೆ, ವಾರ್ಸಿಟಿ ಹೋಟೆಲ್ ಎದುರು. 1928ರಿಂದ ಇರುವ ಜಾಗ. ಮಾಂಸ ತಿನ್ನದವರು ಫ್ರೈಸ್ ಜೊತೆ ಫ್ರಾಸ್ಟೆಡ್ ಆರೆಂಜ್ ತೆಗೆದುಕೊಳ್ಳಿ, ಬಿಸಿಲಲ್ಲಿ ನಡೆದು ಬಂದ ಮೇಲೆ ಬಹಳ ಹಿತ. ನಾವು ಅಲ್ಲೇ ಕೂತು ಮೇಷ್ಟ್ರನ್ನೂ ಕೂರಿಸಿಕೊಂಡೆವು. ಸೇತುವೆ ಮೇಲೆ ಕೇಳಿಸದಿದ್ದನ್ನು ಕೇಳಿ ತಿಳಿದುಕೊಂಡೆವು, ಸಂತೋಷವಾಗಿ ಹೇಳಿದರು. ನೀವೂ ಹಾಗೆ ಮಾಡಿ.